ಇನ್‌ಸ್ಟಾಲ್ ಆಗದ ಆಟ ಮತ್ತು ಅಪ್ಪ ಕೊಡಿಸಿದ ಒರಿಜಿನಲ್ ಸಿಡಿ

"ಮಾಮ, ಇದು ಇನ್‌ಸ್ಟಾಲ್ ಆಗ್ತಾ ಇಲ್ಲ..."

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗ ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಆಟದ ಸಿಡಿ ಹುಡುಕಿ ತೆಗೆದಿದ್ದ. 2002ರಲ್ಲಿ ಮನೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಅಪ್ಪ ಕೊಡಿಸಿದ್ದು. ಅದೇ ಆಟದ ಕಳ್ಳ ಪ್ರತಿ ಆಗ 50 ರೂಪಾಯಿಗೆ ಸಿಗ್ತಿತ್ತು. ನಾನು ಅದೇ ಸಾಕು ಅಂದಿದ್ದೆ. ಅಪ್ಪ ಕೇಳಲಿಲ್ಲ. "ದುಡ್ಡು ಕೊಟ್ಟು ತಗೊಂಡ್ರೆ ಮಾತ್ರ ಅದು ನಮ್ಮದು" ಅಂತ ಹೇಳಿ 999 ರೂಪಾಯಿ ಎಣಿಸಿಕೊಟ್ಟು ಡಬ್ಬಿ ಸಮೇತ ತಂದರು. ಬಿಲ್ಲು ಇನ್ನೂ ಡಬ್ಬಿಯಲ್ಲೇ ಇದೆ, ಅವರು ಮಡಿಸಿಟ್ಟ ಹಾಗೇ. ಅಪ್ಪ ಈಗಿಲ್ಲ.

ಯುಎಸ್‌ಬಿ ಸಿಡಿ ಡ್ರೈವ್ ಸಿಕ್ಕಿಸಿ ಸೆಟಪ್ ಒತ್ತಿದರೆ ವಿಂಡೋಸ್ ಹೇಳಿದ್ದು ಇಷ್ಟೇ: ಇದು ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ, ಹೊಂದುವ ಆವೃತ್ತಿಗಾಗಿ ತಯಾರಕರನ್ನು ವಿಚಾರಿಸಿ. ಆ ತಯಾರಕರು ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯ್ತು. ಯಾರನ್ನ ವಿಚಾರಿಸೋದು? :-)

ಎರಡು ದಿನ ಅದರ ಹಿಂದೆ ಬಿದ್ದೆ. ಮೂರು ಕಡೆ ತಡೆ ಸಿಕ್ಕಿತು. ಒಂದೊಂದರ ಹಿಂದೆಯೂ ಒಂದೊಂದು ಇತಿಹಾಸ ಇದೆ ಅಂತ ಗೊತ್ತಾದ ಮೇಲೆ ಇದನ್ನ ಬರೆದಿಡೋಣ ಅನ್ನಿಸಿತು.

ಮೊದಲು ಸ್ವಲ್ಪ ಹಿಂದೆ ಹೋಗೋಣ. ಡಾಸ್ ಕಾಲದಲ್ಲಿ "ಇನ್‌ಸ್ಟಾಲ್" ಅನ್ನೋದು ದೊಡ್ಡ ಮಾತೇನೂ ಆಗಿರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಮೊದಲು ಆಡಿದ್ದು ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡನ್ ಮೆಕ್ನರ್ ಅದನ್ನು ಆಪಲ್ 2 ಕಂಪ್ಯೂಟರಿಗೆ ಅಂತ ಬರೆದದ್ದು, ಹೊರಬಂದದ್ದು 1989ರಲ್ಲಿ. ಡಾಸ್ ಆವೃತ್ತಿ 1990ರಲ್ಲಿ ಬಂತು. ಒಂದು ಫ್ಲಾಪಿ, ಒಂದು ಕಾಪಿ ಕಮ್ಯಾಂಡ್, ಮುಗಿಯಿತು. ಬೀಗ ಮಾತ್ರ ಆಗಲೂ ಇತ್ತು, ಆದರೆ ಆಟದ ಒಳಗೆ. ಮೊದಲ ಹಂತ ದಾಟಿದ ಮೇಲೆ ಬಾಟಲಿಗಳಿದ್ದ ಒಂದು ಕೋಣೆ ಬರ್ತಿತ್ತು, ನೆನಪಿದೆಯಾ? ಆಟದ ಜೊತೆ ಬಂದ ಪುಸ್ತಕದ ಇಂಥ ಪುಟ, ಇಂಥ ಸಾಲು ನೋಡಿ ಸರಿಯಾದ ಅಕ್ಷರದ ಬಾಟಲಿ ಕುಡಿಯಬೇಕು. ಪುಸ್ತಕ ಇಲ್ಲದವರು ಊಹಿಸಿ ಕುಡಿದು ಸಾಯಬೇಕು. ನಾವು ಎಷ್ಟು ಸಲ ಸತ್ತೆವೋ ಲೆಕ್ಕ ಇಲ್ಲ.

ಆಮೇಲೆ ಆಟಗಳು ದಪ್ಪ ಆದವು, ತೊಂದರೆಗಳೂ ದಪ್ಪ ಆದವು. 1981ರ ಐಬಿಎಂ ಪಿಸಿಯಲ್ಲಿದ್ದ 8088 ಚಿಪ್ಪಿಗೆ ವಿಳಾಸದ ತಂತಿಗಳು 20 ಮಾತ್ರ. ಅಂದರೆ ಒಟ್ಟು 1 ಎಂಬಿ ನೆನಪು. ಅದರಲ್ಲಿ ಮೇಲಿನ 384 ಕೆಬಿ ಪರದೆಗೂ ಬಯಾಸಿಗೂ ಮೀಸಲು, ಉಳಿದ 640 ಕೆಬಿ ಪ್ರೋಗ್ರಾಂಗಳಿಗೆ. ಹತ್ತು ವರ್ಷ ಕಳೆದು ಯಂತ್ರದಲ್ಲಿ 4 ಎಂಬಿ ರ‍್ಯಾಮ್ ಇದ್ದರೂ ಡಾಸ್ ಮಾತ್ರ ಆ 640ರ ಅಂಗಳದಲ್ಲೇ ಕೂತಿತ್ತು. ಮೌಸ್ ಡ್ರೈವರ್ ಒಂದಿಷ್ಟು ತಿನ್ನುತ್ತೆ, ಸಿಡಿ ಡ್ರೈವರ್ ಇನ್ನೊಂದಿಷ್ಟು, ಉಳಿದದ್ದು ಆಟಕ್ಕೆ ಸಾಲಲ್ಲ. 1991ರ ಡಾಸ್ 5 ಬಂದ ಮೇಲೆ ಡ್ರೈವರುಗಳನ್ನು ಮೇಲಿನ ಅಟ್ಟಕ್ಕೆ ಏರಿಸುವ ಅವಕಾಶ ಸಿಕ್ಕಿತು. ಕಾನ್ಫಿಗ್ ಫೈಲು, ಆಟೋಎಕ್ಸೆಕ್ ಫೈಲುಗಳಲ್ಲಿ ಸಾಲು ಅದಲುಬದಲು ಮಾಡಿ ನಾಲ್ಕು ಕೆಬಿ ಗಳಿಸಿದವನೇ ಆಗ ಊರಿಗೆ ಪಂಡಿತ. ಇನ್ನು ಶಬ್ದ ಕೇಳಬೇಕಾದರೆ ಸೌಂಡ್ ಕಾರ್ಡಿನ ಪೋರ್ಟ್ 220, ಐಆರ್‌ಕ್ಯೂ 5ಓ 7ಓ ಅಂತ ಆಟವೇ ನಮ್ಮನ್ನು ಕೇಳುತ್ತಿತ್ತು. ತಪ್ಪು ಹೇಳಿದರೆ ಯಂತ್ರ ಸ್ತಬ್ಧ.

ಈ ಪಾಡು ತಪ್ಪಿಸಲು ಅಂತ ಬಂದದ್ದು ವಿಂಡೋಸಿನ ಆಟಗಳು. ಆರಂಭವೇ ಎಡವಟ್ಟಾಯ್ತು. 1994ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ವಿನ್‌ಜಿ ಅನ್ನುವ ತಂತ್ರಾಂಶ ಕೊಟ್ಟಿತು, ವಿಂಡೋಸ್ 3.1ರಲ್ಲೂ ಚಿತ್ರಗಳು ವೇಗವಾಗಿ ಓಡಲಿ ಅಂತ. ಅದೇ ವರ್ಷ ಲಯನ್ ಕಿಂಗ್ ಸಿನಿಮಾ ಗೆದ್ದಿತ್ತಲ್ಲ, ಡಿಸ್ನಿಯವರು ವಿನ್‌ಜಿ ನಂಬಿಕೊಂಡು ಅದರ ಕಥೆಯ ಸಿಡಿಯನ್ನು ಕ್ರಿಸ್‌ಮಸ್ಸಿಗೆ ಮಾರುಕಟ್ಟೆಗೆ ಬಿಟ್ಟರು. ಅಮೆರಿಕದ ಮನೆ ಮನೆಯಲ್ಲಿ ಮಕ್ಕಳು ಉಡುಗೊರೆ ಬಿಚ್ಚಿ ಸಿಡಿ ಹಾಕಿದರೆ ಎಷ್ಟೋ ಕಡೆ ಯಂತ್ರವೇ ಕುಸಿದು ಬಿತ್ತು. ಆ ಹಬ್ಬಕ್ಕೆ ಕಾಂಪ್ಯಾಕ್ ಪ್ರೆಸಾರಿಯೊ ಕಂಪ್ಯೂಟರುಗಳು ಬಹಳ ಮಾರಾಟವಾಗಿದ್ದವು, ಅವುಗಳಲ್ಲಿದ್ದ ವೀಡಿಯೊ ಡ್ರೈವರನ್ನು ವಿನ್‌ಜಿ ಜೊತೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಮಕ್ಕಳು ಅಳು, ಅಪ್ಪ ಅಮ್ಮಂದಿರು ಫೋನು, ಡಿಸ್ನಿಯವರ ಸಹಾಯವಾಣಿ ಉಸಿರು ಕಟ್ಟಿತು.

ಆ ಅವಮಾನದಿಂದ ಒಂದು ಒಳ್ಳೆಯದೂ ಆಯ್ತು. ಮೈಕ್ರೋಸಾಫ್ಟಿನ ಒಳಗೇ ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್, ಎರಿಕ್ ಎಂಗ್‌ಸ್ಟ್ರೋಮ್ ಅನ್ನುವ ಮೂವರು ಆಟ ಮತ್ತು ಹಾರ್ಡ್‌ವೇರ್ ನಡುವೆ ನೆಟ್ಟಗಿನ ದಾರಿ ಬೇಕು ಅಂತ ಹಟ ಹಿಡಿದಿದ್ದರು. ಅವರ ಕೆಲಸ 1995ರ ಸೆಪ್ಟೆಂಬರಿನಲ್ಲಿ ಹೊರಬಂತು, ಅದೇ ಡೈರೆಕ್ಟ್‌ಎಕ್ಸ್. ಆಮೇಲಿನ ಎಷ್ಟೋ ಆಟದ ಸಿಡಿಗಳಲ್ಲಿ "ಡೈರೆಕ್ಟ್‌ಎಕ್ಸ್ ಹಾಕಲೇ?" ಅಂತ ಬರ್ತಿತ್ತಲ್ಲ, ಆ ಪ್ರಶ್ನೆಯ ಹಿಂದೆ ಆ ಕ್ರಿಸ್‌ಮಸ್ಸಿನ ಅಳು ಇದೆ.

ಸರಿ, ಈಗ ನನ್ನ ಸಿಡಿಗೆ ಬರೋಣ.

ಮೊದಲ ತಡೆ. ಆಟ 32 ಬಿಟ್ಟಿನದು. ಅಂಥವು 64 ಬಿಟ್ ವಿಂಡೋಸಿನಲ್ಲಿ ಇಂದಿಗೂ ಓಡುತ್ತವೆ. ಹಾಗಾದರೆ ತಡೆದದ್ದು ಯಾರು? ಸೆಟಪ್ ಪ್ರೋಗ್ರಾಂ. ಅದು 16 ಬಿಟ್ಟಿನದು! 32 ಬಿಟ್ಟಿನ ಆಟಕ್ಕೆ 16 ಬಿಟ್ಟಿನ ಬಾಗಿಲು ಯಾಕಿಟ್ಟರು ಅಂದರೆ, ಸೌಜನ್ಯಕ್ಕೆ. ಆಗಿನ್ನೂ ವಿಂಡೋಸ್ 3.1 ಇಟ್ಟುಕೊಂಡವರು ಇದ್ದರು. ಅಂಥವರು ಸಿಡಿ ಹಾಕಿದಾಗ ಸುಮ್ಮನೆ ಕುಸಿಯದೆ "ಇದಕ್ಕೆ ವಿಂಡೋಸ್ 95 ಬೇಕು" ಅಂತ ಹೇಳಬೇಕಲ್ಲ, ಹೇಳಲು ಅಲ್ಲಿ ಓಡುವಂಥ ಪ್ರೋಗ್ರಾಮೇ ಬೇಕು. ಹಳೆ ಅತಿಥಿಗೆ ಮರ್ಯಾದೆಯಿಂದ ಇಲ್ಲ ಅನ್ನಲು ಇಟ್ಟ ಬಾಗಿಲು ಈಗ ಹೊಸ ಅತಿಥಿಗೆ ಗೋಡೆ ಆಯ್ತು.

64 ಬಿಟ್ ವಿಂಡೋಸ್ ಇದನ್ನು ಯಾಕೆ ಒಲ್ಲೆ ಅನ್ನುತ್ತೆ? ವಿಂಡೋಸ್ ತನ್ನೊಳಗಿನ ಪ್ರತಿ ಕಿಟಕಿಗೂ ಪ್ರತಿ ಚಿತ್ರಕ್ಕೂ ಒಂದು ಟೋಕನ್ ನಂಬರ್ ಕೊಡುತ್ತೆ. 16 ಬಿಟ್ಟಿನಲ್ಲಿ 65,535ಕ್ಕಿಂತ ದೊಡ್ಡ ನಂಬರ್ ಹಿಡಿಸೋದಿಲ್ಲ. 64 ಬಿಟ್ ವಿಂಡೋಸಿನ ಟೋಕನ್ನುಗಳು 32 ಬಿಟ್ ಅಗಲ, ಕತ್ತರಿಸಿ ಕೊಟ್ಟರೆ ನಂಬರೇ ತಪ್ಪಾಗುತ್ತೆ. ಜೊತೆಗೆ, ಡಾಸ್ ಪ್ರೋಗ್ರಾಂ ಓಡಿಸಲು ಚಿಪ್ಪಿನೊಳಗೆ ಒಂದು ವಿಶೇಷ ಸ್ಥಿತಿ ಇತ್ತು, 2003ರಲ್ಲಿ ಎಎಂಡಿ ತಂದ 64 ಬಿಟ್ ವಿನ್ಯಾಸದಲ್ಲಿ ಯಂತ್ರ 64 ಬಿಟ್ಟಿಗೆ ಹೊರಳಿದ ಮೇಲೆ ಅದು ಸಿಗುವುದಿಲ್ಲ. 32 ಬಿಟ್ ವಿಂಡೋಸ್ ಇರುವವರೆಗೆ ಇವಕ್ಕೆಲ್ಲ ನೆಲೆ ಇತ್ತು. 2021ರ ವಿಂಡೋಸ್ 11ಕ್ಕೆ ಆ ಆವೃತ್ತಿಯೇ ಇಲ್ಲ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಇನ್‌ಸ್ಟಾಲ್‌ಶೀಲ್ಡ್‌ನ ಕೆಲವು ಹಳೆ 16 ಬಿಟ್ ಸೆಟಪ್‌ಗಳನ್ನು 64 ಬಿಟ್ ವಿಂಡೋಸ್ ಗುರುತು ಹಿಡಿದು, ತಾನೇ 32 ಬಿಟ್ಟಿನ ಬದಲಿ ಓಡಿಸುತ್ತೆ. ನನ್ನದು ಆ ಪಟ್ಟಿಯಲ್ಲಿ ಇರಲಿಲ್ಲ ಅಷ್ಟೆ.

ಲಿನಕ್ಸಿನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸಲು 1993ರಿಂದ ಬೆಳೆದು ಬಂದ ವೈನ್ ಅಂತ ಯೋಜನೆ ಇದೆಯಲ್ಲ, ಅದರ ಭಾಗಗಳನ್ನೇ ಬಳಸಿ 64 ಬಿಟ್ ವಿಂಡೋಸಿನಲ್ಲಿ 16 ಬಿಟ್ಟಿನವನ್ನು ಓಡಿಸುವ ಓಟಿವಿಡಿಎಂ ಅನ್ನುವ ಉಚಿತ ತಂತ್ರಾಂಶವನ್ನು ಆಸಕ್ತರು ಬರೆದಿದ್ದಾರೆ. ಅದನ್ನು ಹಾಕಿಕೊಂಡೆ. ಸೆಟಪ್ ತೆರೆಯಿತು! ಅಕ್ಕನ ಮಗ ಚಪ್ಪಾಳೆ ತಟ್ಟಿದ.

ಎರಡನೇ ತಡೆ. "ಡಿಸ್ಕಿನಲ್ಲಿ ಜಾಗ ಸಾಲದು." ಆಟಕ್ಕೆ ಬೇಕಿದ್ದದ್ದು 200 ಎಂಬಿ, ನನ್ನಲ್ಲಿ ಖಾಲಿ ಇದ್ದದ್ದು ನೂರಾರು ಜಿಬಿ. ನಗಬೇಕೋ ಅಳಬೇಕೋ. ಹಳೆ ಸೆಟಪ್‌ಗಳು ಖಾಲಿ ಜಾಗವನ್ನು 32 ಬಿಟ್ಟಿನ ಸಂಖ್ಯೆಯಲ್ಲಿ ಎಣಿಸುತ್ತವೆ, ಅದರ ಮಿತಿ 4 ಜಿಬಿ. ಸ್ಕೂಟರಿನ ಮೀಟರ್ 99999 ದಾಟಿದರೆ ಮತ್ತೆ ಸೊನ್ನೆಗೆ ಬರುತ್ತಲ್ಲ, ಹಾಗೇ ಇದೂ 4 ಜಿಬಿಗೊಮ್ಮೆ ಸುತ್ತು ಹಾಕಿ ಕೊನೆಯಲ್ಲಿ ಉಳಿದದ್ದನ್ನು ಮಾತ್ರ ನೋಡುತ್ತೆ. ನನ್ನ ಪಾಲಿಗೆ ಉಳಿದದ್ದು ನೂರೇ ಎಂಬಿ ಇರಬೇಕು. ಉಪಾಯ ಏನು ಗೊತ್ತಾ? ಒಂದು ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡಿ ಜಾಗ ಕಡಿಮೆ ಮಾಡಿದೆ. ಜಾಗ ಕಡಿಮೆ ಆದ ಮೇಲೆ ಸೆಟಪ್ "ಜಾಗ ಸಾಕು" ಅಂತ ಒಪ್ಪಿಕೊಂಡಿತು!

ಫೈಲುಗಳೆಲ್ಲ ಇಳಿದವು. ಸಿಡಿ ಮೇಲೆ ಒಂದೂ ಗೀರಿಲ್ಲ, ಅಪ್ಪ ಹಾಗೆ ಕಾಪಾಡಿಸಿದ್ದರು. (ಅಂದ ಹಾಗೆ, ನಾವೆಲ್ಲ ಸಿಡಿಯ ಹೊಳೆಯುವ ಬದಿಯನ್ನೇ ಜೋಪಾನ ಮಾಡ್ತೀವಿ. ಆದರೆ ಮಾಹಿತಿಯ ಪದರ ಇರೋದು ಹೆಸರು ಬರೆದ ಬದಿಗೆ ಅಂಟಿಕೊಂಡು. ಅಲ್ಲಿ ಬಿದ್ದ ಗೀರಿಗೆ ಮದ್ದಿಲ್ಲ.)

ಮೂರನೇ ತಡೆ. ಐಕಾನ್ ಒತ್ತಿದೆ. "ಸರಿಯಾದ ಸಿಡಿ ಹಾಕಿ." ಸಿಡಿ ಡ್ರೈವಿನಲ್ಲೇ ತಿರುಗುತ್ತಿದೆ!

ಇದು ಕಳ್ಳ ಪ್ರತಿ ತಡೆಯಲು ಹಾಕಿದ ಬೀಗ. ಪ್ರಿನ್ಸ್‌ನ ಬಾಟಲಿ ಕೋಣೆಯ ಮೊಮ್ಮಗ ಅನ್ನಿ. ಈ ಜಾತಿಯಲ್ಲಿ ಹೆಸರುವಾಸಿಯಾದದ್ದು ಮ್ಯಾಕ್ರೋವಿಷನ್ ಕಂಪನಿಯ ಸೇಫ್‌ಡಿಸ್ಕ್. ಸಿಡಿಯಲ್ಲಿ ಬೇಕಂತಲೇ ಓದಲಾಗದ ಜಾಗಗಳನ್ನು ಬಿಟ್ಟಿರುತ್ತಾರೆ, ಸಾಮಾನ್ಯವಾಗಿ ಕಾಪಿ ಮಾಡಿದರೆ ಅವು ಹಾಗೇ ಬರುವುದಿಲ್ಲ. ಅವು ಇವೆಯೇ ಅಂತ ನೋಡಲು ವಿಂಡೋಸಿನ ಗರ್ಭಗುಡಿಯಲ್ಲೇ ಒಂದು ಡ್ರೈವರ್ ಕೂತಿರುತ್ತಿತ್ತು. ಎಕ್ಸ್‌ಪಿ ಜೊತೆ ಆ ಡ್ರೈವರನ್ನು ಮೈಕ್ರೋಸಾಫ್ಟೇ ಕೊಡುತ್ತಿತ್ತು. 2007ರಲ್ಲಿ ಅದೇ ಡ್ರೈವರಿನ ದೋಷ ಹಿಡಿದು ದಾಳಿಕೋರರು ಯಂತ್ರದ ಪೂರ್ತಿ ಅಧಿಕಾರ ಪಡೆಯಬಹುದು ಅಂತ ಬಯಲಾಯ್ತು, ಡಿಸೆಂಬರಿನಲ್ಲಿ ತೇಪೆ ಹಾಕಿದರು. 2015ರ ಜುಲೈನಲ್ಲಿ ಬಂದ ವಿಂಡೋಸ್ 10ರಲ್ಲಿ ಅದಕ್ಕೆ ಜಾಗವೇ ಕೊಡಲಿಲ್ಲ. ಅದೇ ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ವಿಸ್ಟಾ, 7, 8ರಲ್ಲೂ ಅದನ್ನು ನಿಲ್ಲಿಸಿಟ್ಟರು. ಸುರಕ್ಷತೆಯ ದೃಷ್ಟಿಯಿಂದ ಸರಿಯಾದ ತೀರ್ಮಾನವೇ, ನನಗೆ ತಕರಾರಿಲ್ಲ.

ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಕಳ್ಳ ಪ್ರತಿ ಮಾಡಿದವರು ಮೊದಲು ಮುರಿದದ್ದೇ ಈ ಬೀಗವನ್ನು. ಹಾಗಾಗಿ ಆ 50 ರೂಪಾಯಿ ಸಿಡಿಗೆ ಈ ಮೂರನೇ ತಡೆ ಇಲ್ಲವೇ ಇಲ್ಲ. ಬೀಗ ಹೊರಗೆ ಉಳಿಸಿದ್ದು ಬಿಲ್ಲು ಇಟ್ಟುಕೊಂಡ ನಮ್ಮಪ್ಪನಂಥವರನ್ನು. ಆಟ ಸತ್ತಿಲ್ಲ, ಒಂದು ಅಕ್ಷರವೂ ಅಳಿಸಿಲ್ಲ. ಸತ್ತದ್ದು ಬಾಗಿಲು ಮತ್ತು ಬೀಗ. ಇವೆರಡೂ ಆಟಕ್ಕಿಂತ ಮೊದಲು ಸಾಯುತ್ತವೆ ಅನ್ನೋದೇ ಈ ಇಡೀ ಇತಿಹಾಸದ ಪಾಠ ಅಂತ ನನಗನ್ನಿಸಿದ್ದು.

ಎಲ್ಲರೂ ಹೀಗೆ ಕೈಬಿಟ್ಟರು ಅಂತಲ್ಲ. ವಿಂಡೋಸ್ 95 ತಯಾರಾಗುವಾಗ ಸಿಮ್‌ಸಿಟಿ ಆಟ ಓಡಲಿಲ್ಲವಂತೆ. ತಪ್ಪು ಆಟದ್ದೇ, ಬಿಟ್ಟುಕೊಟ್ಟ ನೆನಪಿನ ಜಾಗವನ್ನೇ ಮತ್ತೆ ಓದುತ್ತಿತ್ತು. ಮೈಕ್ರೋಸಾಫ್ಟಿನವರು "ಓಡುತ್ತಿರುವುದು ಸಿಮ್‌ಸಿಟಿ ಆದರೆ ಬಿಟ್ಟುಕೊಟ್ಟ ಜಾಗವನ್ನು ತಕ್ಷಣ ಬೇರೆಯವರಿಗೆ ಕೊಡಬೇಡ" ಅಂತ ವಿಂಡೋಸಿನೊಳಗೇ ಏರ್ಪಾಡು ಮಾಡಿದರು. 2002ರಲ್ಲಿ ಬಂದ ಡಾಸ್‌ಬಾಕ್ಸ್ ಡಾಸ್ ಆಟಗಳಿಗೆ ಮರುಜನ್ಮ ಕೊಟ್ಟಿತು. 2015ರ ಜನವರಿಯಲ್ಲಿ ಇಂಟರ್ನೆಟ್ ಆರ್ಕೈವ್ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವ ಹಾಗೆ ಮಾಡಿತು. ಮೆಕ್ನರ್ ಕಳೆದುಹೋಯಿತು ಅಂದುಕೊಂಡಿದ್ದ ಪ್ರಿನ್ಸ್‌ನ ಮೂಲ ಸಂಕೇತ ಇದ್ದ ಫ್ಲಾಪಿಗಳು ಅವರ ತಂದೆಗೆ ಸಿಕ್ಕಿದವು, 2012ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟರು. ಅಲ್ಲೂ ಒಬ್ಬ ಅಪ್ಪ ನೋಡಿ. ಆದರೂ 2023ರಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಲೆಕ್ಕ ಹಾಕಿದಾಗ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರಾಟಕ್ಕೇ ಸಿಗುವುದಿಲ್ಲ.

ಆಟದ ಮಾತು ನಮಗ್ಯಾಕೆ ಅನ್ನುವವರು ನಿಮ್ಮ ಹಳೆ ಕನ್ನಡ ಫೈಲುಗಳನ್ನು ಒಮ್ಮೆ ತೆರೆದು ನೋಡಿ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ನಾವು ಬರೆದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಹಳೆ ಫಾಂಟುಗಳಲ್ಲಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣೋದು ಬರೀ ಚಿತ್ರವಿಚಿತ್ರ ಚಿಹ್ನೆಗಳು. ಬರಹ ಅಲ್ಲೇ ಇದೆ, ಬಾಗಿಲು ಹೋಗಿದೆ. ಪರಿವರ್ತಕಗಳು ಸಿಗುವಾಗಲೇ ಬದಲಾಯಿಸಿಟ್ಟುಕೊಳ್ಳಿ.

ಕೊನೆಗೆ ಆಟ ಓಡಿತಾ ಅಂತ ಕೇಳ್ತೀರಿ. ಓಡಿತು. ಬೀಗ ಒಡೆದ ಫೈಲು ಅಂತರ್ಜಾಲದಲ್ಲಿ ಐದು ನಿಮಿಷದ ಕೆಲಸ, ಆದರೆ ಯಾಕೋ ಈ ಸಿಡಿಗೆ ಅದನ್ನು ಹಾಕಲು ಮನಸ್ಸು ಬರಲಿಲ್ಲ. ಅಟ್ಟದಿಂದ 2002ರ ಆ ಕಂಪ್ಯೂಟರನ್ನೇ ಇಳಿಸಿದೆವು. ಧೂಳು ಕೊಡವಿ ವೈರು ಸಿಕ್ಕಿಸಿದರೆ ಎಕ್ಸ್‌ಪಿ ಏಳಲು ನಾಲ್ಕು ನಿಮಿಷ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತು ತಾರೀಕು ಹಿಂದಕ್ಕೆ ಹೋಗಿತ್ತು. ಮೂಲೆಯಲ್ಲಿ 2002 ಅಂತ ನೋಡಿ ಹುಡುಗ, "ಮಾಮ, ಇದು ಇನ್ನೂ ಅಲ್ಲೇ ಇದೆ" ಅಂದ. ಸಿಡಿ ಹಾಕಿದೆ. ಯಾವ ಪ್ರಶ್ನೆಯೂ ಇಲ್ಲದೆ ಆಟ ಶುರುವಾಯ್ತು.

ಅವನು ಮಲಗಿದ ಮೇಲೆ ಒಂದು ಚೀಟಿಯಲ್ಲಿ ಬರೆದೆ: ಯಾವ ವಿಂಡೋಸ್ ಬೇಕು, ಸೆಟಪ್ ಯಾಕೆ ತೆರೆಯಲ್ಲ, ಜಾಗ ಸಾಲದು ಅಂದರೆ ಏನು ಮಾಡಬೇಕು, ಯಾವ ಡ್ರೈವಿನಲ್ಲಿ ಓಡುತ್ತೆ. ಅಪ್ಪನ ಬಿಲ್ಲಿನ ಜೊತೆ ಮಡಿಸಿ ಡಬ್ಬಿಯಲ್ಲಿಟ್ಟೆ. ನಿಮ್ಮ ಅಟ್ಟದಲ್ಲೂ ಇಂಥ ಡಬ್ಬಿಗಳು ಇದ್ದಾವು. ಒಂದೊಂದು ಚೀಟಿ ಬರೆದಿಡಿ.