ವೆಂಕಟಪ್ಪನವರ ಗೋಡೆ

ಹೂಡಿಯಿಂದ ಕಬ್ಬನ್ ಪಾರ್ಕಿಗೆ 2023ರಿಂದ ಮೆಟ್ರೋ ರೈಲು ನೇರವಾಗಿ ಓಡುತ್ತಿದೆ. ನಾನು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಮೊದಲು ಕಂಡದ್ದು ವಿದ್ಯಾರ್ಥಿಯಾಗಿದ್ದಾಗ, ಎರಡು ಬಸ್ಸು ಹಿಡಿದು, ಬೆವರೊರೆಸಿಕೊಳ್ಳುತ್ತ ಹೋಗಿ. ಉದಕಮಂಡಲದ ಜಲವರ್ಣ ಚಿತ್ರಗಳೆದುರು ನಿಂತಾಗ ಮೈ ತಣ್ಣಗಾಯಿತು. ಬೆಟ್ಟಕ್ಕೆ ಕವಿದ ಮೋಡ ಇನ್ನೇನು ಸರಿಯುವುದೆಂಬಂತಿತ್ತು. ಸರಿಯಲೆಂದು ನಾನೂ ಸ್ವಲ್ಪ ಹೊತ್ತು ಕಾದೆನೆಂದರೆ ಓದುಗರು ನಗಬಾರದು.

ಕೆ. ವೆಂಕಟಪ್ಪನವರು (1886–1965) ಮೈಸೂರು ಸಂಸ್ಥಾನದ ಚಿತ್ರಗಾರ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರ ರಾಮಾಯಣ ಚಿತ್ರಗಳಲ್ಲಿ ಇವರ ಕೈಯೂ ಇತ್ತು. ಕಲ್ಕತ್ತೆಯಲ್ಲೇ ನಿಂತಿದ್ದರೆ ನಂದಲಾಲ ಬೋಸರಷ್ಟೇ ಹೆಸರಾಗುತ್ತಿದ್ದರೋ ಏನೋ! ಅವರು ಮೈಸೂರಿಗೆ ಮರಳಿದರು, ಶೇಷಣ್ಣನವರಲ್ಲಿ ವೀಣೆ ಕಲಿತರು, ಒಂಟಿಯಾಗಿಯೇ ಬಾಳಿದರು.

ಅರಮನೆ ಬೆಳೆಸಿದ ಈ ಕಲಾವಿದರ ಹೆಸರಿನಲ್ಲಿ ಸರ್ಕಾರ ಚಿತ್ರಶಾಲೆ ತೆರೆದದ್ದು ಅವರು ತೀರಿಕೊಂಡ ಮೇಲೆ, 1970ರ ದಶಕದಲ್ಲಿ. ಕಡಿಮೆ ಬಾಡಿಗೆಯ ಅದರ ಗೋಡೆಗಳು ಎಷ್ಟೋ ಕಲಾವಿದರ ಮೊದಲ ಪ್ರದರ್ಶನಕ್ಕೆ ಆಸರೆಯಾದವು. ಆದ್ದರಿಂದಲೇ, ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸುವ ಯೋಜನೆಯ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದರು. ಖಾಸಗಿಯವರು ಕಟ್ಟಡವನ್ನು ಇನ್ನೂ ಅಚ್ಚುಕಟ್ಟಾಗಿ ಇಡುತ್ತಿದ್ದರು, ಒಪ್ಪೋಣ. ಆದರೆ ಹೆಸರಿಲ್ಲದ ಹುಡುಗನೊಬ್ಬ ತನ್ನ ಚಿತ್ರ ತೂಗುಹಾಕಲು ಯಾರ ಅಪ್ಪಣೆ ಬೇಡಬೇಕು? ಕೊನೆಗೆ ಆ ಯೋಜನೆ ಬಿದ್ದುಹೋಯಿತು.