ಮಗ್ಗಿಯಿಲ್ಲದ ಗೂಢಲಿಪಿ

ನಾನು ಓದಿದ ಶಾಲೆಯಲ್ಲಿ ಸಂಜೆಯ ಹೊತ್ತು ಮಗ್ಗಿ ಒಪ್ಪಿಸುವ ಪದ್ಧತಿಯಿತ್ತು. ನಮ್ಮ ಮೇಷ್ಟರು ಕಣ್ಣು ಮುಚ್ಚಿ ಕುಳಿತು ಕೇಳುತ್ತಿದ್ದರು. ಹದಿನೇಳೆಂಟ್ಲ ಎಷ್ಟು ಎಂದರೆ ನೂರ ಮೂವತ್ತಾರು ಎಂದು ನಾನು ಸರಿಯಾಗಿಯೇ ಹೇಳಿದರೂ, “ಇದು ಬಾಯಿಪಾಠ ಬಂದದ್ದಲ್ಲ, ಬೆರಳು ಮಡಿಸಿ ಕೂಡಿದ್ದು” ಎಂದುಬಿಡುತ್ತಿದ್ದರು. ನನ್ನ ಗುಟ್ಟು ಅವರಿಗೆ ತಿಳಿಯುತ್ತಿದ್ದುದು ಉತ್ತರದಿಂದಲ್ಲ, ಉತ್ತರಕ್ಕೆ ಹಿಡಿದ ಹೊತ್ತಿನಿಂದ. ನಾನು ಹೇಳಹೊರಟಿರುವುದು ಗಣಕಯಂತ್ರಗಳ ಗೂಢಲಿಪಿಯ ಇತಿಹಾಸದ ಒಂದು ಪ್ರಕರಣ. ಆದರೆ ಆ ಮೇಷ್ಟರನ್ನು ಬಿಟ್ಟು ಅದನ್ನು ಹೇಳುವುದು ನನ್ನಿಂದಾಗದು.

ಅಮೆರಿಕದ ಸರ್ಕಾರ 1977ರಲ್ಲಿ ಡಿಇಎಸ್ ಎಂಬ ಗೂಢಲಿಪಿಯನ್ನು ಮಾನಕವೆಂದು ಅಂಗೀಕರಿಸಿತು. ಅದರ ಹೃದಯಭಾಗದಲ್ಲಿ ಎಂಟು ಕೋಷ್ಟಕಗಳಿವೆ. ಪ್ರತಿಯೊಂದೂ ಆರು ಬಿಟ್‌ಗಳನ್ನು ತೆಗೆದುಕೊಂಡು ನಾಲ್ಕನ್ನು ಹಿಂದಿರುಗಿಸುತ್ತದೆ. ಇದನ್ನು ತಂತ್ರಾಂಶದಲ್ಲಿ ಬರೆಯುವವರು ಸಹಜವಾಗಿಯೇ ಕೋಷ್ಟಕಗಳನ್ನು ಸ್ಮೃತಿಕೋಶದಲ್ಲಿ ಇಟ್ಟುಕೊಂಡು, ಬೇಕಾದಾಗ ಬೇಕಾದ ಮನೆಯನ್ನು ತೆರೆದು ನೋಡುತ್ತಿದ್ದರು. ಪ್ರತಿಸಲ ಲೆಕ್ಕ ಮಾಡುವುದಕ್ಕಿಂತ ಮಗ್ಗಿ ಕಲಿತಿರುವುದು ಬೇಗನೆಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು.

ಈ ಮಾತನ್ನು ಮೊದಲು ಅಲುಗಿಸಿದವರು ಇಸ್ರೇಲಿನ ಏಲಿ ಬೀಹಮ್. 1997ರ ಜನವರಿಯಲ್ಲಿ ಹೈಫಾ ನಗರದಲ್ಲಿ ನಡೆದ ವಿದ್ವತ್ಸಭೆಯೊಂದರಲ್ಲಿ ಅವರು ಕೋಷ್ಟಕಗಳನ್ನೇ ಕಿತ್ತುಹಾಕಿದ ಡಿಇಎಸ್ಸನ್ನು ಮುಂದಿಟ್ಟರು. ಅವರ ಉಪಾಯವನ್ನು ತಿಳಿಯಲು ನಮ್ಮ ಮದುವೆಮನೆಯ ಪಂಕ್ತಿಯನ್ನು ನೆನೆದರೆ ಸಾಕು. ಅಲ್ಲಿ ಒಬ್ಬರ ಎಲೆಯನ್ನು ಪೂರ್ತಿ ತುಂಬಿಸಿ ಇನ್ನೊಬ್ಬರ ಎಲೆಗೆ ಹೋಗುವ ಪದ್ಧತಿಯಿಲ್ಲ. ಉಪ್ಪು ಬಡಿಸುವವನು ಸಾಲಿನುದ್ದಕ್ಕೂ ಉಪ್ಪು ಬಡಿಸುತ್ತಾನೆ. ಅವನ ಹಿಂದೆ ಕೋಸಂಬರಿ, ಅದರ ಹಿಂದೆ ಪಲ್ಯ. ಅಂದಿನ ಆಲ್ಫಾ ಯಂತ್ರ ಒಂದೇ ಆಜ್ಞೆಯಲ್ಲಿ 64 ಬಿಟ್‌ಗಳ ಮೇಲೆ ಕೆಲಸ ಮಾಡಬಲ್ಲುದಾಗಿತ್ತು. ಬೀಹಮ್ 64 ಸಂದೇಶಖಂಡಗಳನ್ನು ಸಾಲಾಗಿ ಕೂರಿಸಿ, ಎಲ್ಲದರ ಮೊದಲ ಬಿಟ್ ಒಂದು ಪದದಲ್ಲಿ, ಎರಡನೆಯದು ಇನ್ನೊಂದರಲ್ಲಿ ಬರುವಂತೆ ಜೋಡಿಸಿದರು. ಕೋಷ್ಟಕದ ಬದಲು ಅದೇ ಫಲವನ್ನು ಕೊಡುವ ತರ್ಕಕ್ರಿಯೆಗಳ ಸರಣಿ, ಒಂದೊಂದು ಕೋಷ್ಟಕಕ್ಕೆ ಸುಮಾರು ನೂರು. ಒಂದು ಖಂಡಕ್ಕೆ ನೂರು ಕ್ರಿಯೆಯೆಂದರೆ ದುಂದು. ಅರವತ್ತನಾಲ್ಕು ಖಂಡಗಳಿಗೆ ಒಟ್ಟಾಗಿ ನೂರೆಂದರೆ ಅಗ್ಗ. ಅದೇ ಯಂತ್ರದಲ್ಲಿ ಅದುವರೆಗೆ ತಿಳಿದಿದ್ದ ಅತಿವೇಗದ ಡಿಇಎಸ್‌ಗಿಂತ ಇದು ಸುಮಾರು ಐದು ಪಟ್ಟು ವೇಗವಾಗಿ ಓಡಿತು. ಊಟಕ್ಕೆ ಒಬ್ಬನೇ ಕುಳಿತರೂ ಬಡಿಸುವವರು ಅಷ್ಟೂ ಸುತ್ತು ಬರಲೇಬೇಕೆಂಬುದು ಇದರ ಕೊರತೆ. ಬೀಹಮ್ ಬಯಸಿದ್ದು ವೇಗವನ್ನು ಎಂಬುದನ್ನು ಕೇಳುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಡಿಇಎಸ್ ಮುಪ್ಪಾಯಿತು. ಅದರ ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ ಬೆಲ್ಜಿಯಮ್ಮಿನ ಯೋಆನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ಅವರ ಲಿಪಿ 2000ದ ಅಕ್ಟೋಬರಿನಲ್ಲಿ ಗೆದ್ದು, ಮರುವರ್ಷ ಎಇಎಸ್ ಎಂಬ ಹೆಸರಿನಲ್ಲಿ ಮಾನಕವಾಯಿತು. ಇದರಲ್ಲಿಯೂ 256 ಮನೆಗಳ ಕೋಷ್ಟಕವೊಂದಿದೆ. ವೇಗದ ಆಸೆಯಿಂದ ತಂತ್ರಾಂಶದವರು ಅದನ್ನು ತಲಾ ಒಂದು ಕಿಲೋಬೈಟಿನ ನಾಲ್ಕು ದೊಡ್ಡ ಕೋಷ್ಟಕಗಳಾಗಿ ಬೆಳೆಸಿದರು. 128 ಬಿಟ್‌ಗಳ ಕೀಲಿಯಾದರೆ, ಹದಿನಾರು ಬೈಟುಗಳ ಒಂದು ಖಂಡವನ್ನು ಮುಚ್ಚಲು ಹತ್ತು ಸುತ್ತುಗಳಲ್ಲಿ 160 ಬಾರಿ ಕೋಷ್ಟಕ ನೋಡಬೇಕು.

ಇಲ್ಲಿ ನಮ್ಮ ಮೇಷ್ಟರು ಪ್ರವೇಶಿಸುತ್ತಾರೆ. ಯಂತ್ರದ ಸ್ಮೃತಿಕೋಶ ಒಂದೇ ವೇಗದ್ದಲ್ಲ. ಈಚೆಗೆ ಬಳಸಿದ್ದನ್ನು ಅದು ಕ್ಯಾಶ್ ಎಂಬ ಸಣ್ಣ ಕೋಶದಲ್ಲಿ ಕೈಗೆಟಕುವಂತೆ ಇರಿಸಿಕೊಳ್ಳುತ್ತದೆ. ಉಳಿದದ್ದನ್ನು ಉಗ್ರಾಣದಿಂದ ತರಬೇಕು, ತಡವಾಗುತ್ತದೆ. ಎಇಎಸ್‌ನ ಮೊದಲ ಸುತ್ತಿನಲ್ಲಿ ಯಾವ ಮನೆಯನ್ನು ನೋಡಬೇಕೆಂಬುದನ್ನು ನಿರ್ಧರಿಸುವುದು ಸಂದೇಶದ ಬೈಟು ಮತ್ತು ಕೀಲಿಯ ಬೈಟು ಎರಡೂ ಸೇರಿ. ಸಂದೇಶ ಗೊತ್ತಿದ್ದು, ನೋಡಿದ ಮನೆ ಸುಮಾರಾಗಿ ತಿಳಿದರೂ ಸಾಕು, ಕೀಲಿ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ.

ಎಚ್ಚರಿಕೆ ಇರಲಿಲ್ಲವೆನ್ನುವಂತಿಲ್ಲ. ಕಾಲವನ್ನು ಅಳೆದು ಗುಟ್ಟನ್ನು ಹಿಡಿಯುವ ಬಗೆಯನ್ನು ವಿವರಿಸಿದ ಪಾಲ್ ಕೋಚರ್ 1996ರಲ್ಲಿಯೇ ಕ್ಯಾಶಿನ ಅಪಾಯವನ್ನೂ ಸೂಚಿಸಿದ್ದರು. ಆದರೂ ಎಇಎಸ್ಸನ್ನು ಆರಿಸಿದ ಅಮೆರಿಕದ ಮಾನಕ ಸಂಸ್ಥೆ 2000ದ ತನ್ನ ವರದಿಯಲ್ಲಿ, ಕೋಷ್ಟಕ ನೋಡುವುದು ಇಂಥ ಕಾಲದ ಅಳತೆಗೆ ಸಿಕ್ಕಿಬೀಳದ ಕ್ರಿಯೆಗಳಲ್ಲೊಂದು ಎಂದು ಎಣಿಸಿತು. ಅವರ ವಿದ್ವತ್ತಿನಲ್ಲಿ ನನಗೆ ಸಂಶಯವಿಲ್ಲ. ಲಿಪಿಯನ್ನು ಕಾಗದದ ಮೇಲೆ ಓದಿದ ಗಮನದಿಂದ ಯಂತ್ರವನ್ನು ನೋಡಲಿಲ್ಲವೆಂದು ಮಾತ್ರ ತೋರುತ್ತದೆ. 2005ರಲ್ಲಿ ಡೇನಿಯಲ್ ಬರ್ನ್‌ಸ್ಟೈನ್, ಜಾಲದ ಇನ್ನೊಂದು ಯಂತ್ರ ಉತ್ತರಿಸಲು ತೆಗೆದುಕೊಂಡ ಹೊತ್ತನ್ನು ಅಳೆದೇ ಅದರ ಪೂರ್ಣ ಎಇಎಸ್ ಕೀಲಿಯನ್ನು ಹೊರತೆಗೆದು ತೋರಿಸಿದರು. ಅದೇ ವರ್ಷ ಓಸ್ವಿಕ್, ಶಮೀರ್ ಮತ್ತು ಟ್ರೋಮರ್ ಎಂಬ ಮೂವರು ಇನ್ನೂ ಮುಂದೆ ಹೋದರು. ಲಿನಕ್ಸ್ ಯಂತ್ರದಲ್ಲಿ ಯಾವ ವಿಶೇಷಾಧಿಕಾರವೂ ಇಲ್ಲದ ಅವರ ತಂತ್ರಾಂಶಕ್ಕೆ, ಅದೇ ಯಂತ್ರದ ಡಿಸ್ಕಿಗೆ ಬೀಗ ಹಾಕಿದ್ದ ಕೀಲಿಯನ್ನು ಪಡೆಯಲು 65 ಮಿಲಿಸೆಕೆಂಡುಗಳ ಅಳತೆ ಸಾಕಾಯಿತು. ಆ ಶಮೀರರು ಬೀಹಮ್ಮರ ಗುರುಗಳು.

ಆಗ ಕೋಷ್ಟಕವಿಲ್ಲದ ಹಾದಿ ಎಲ್ಲರಿಗೂ ನೆನಪಾಯಿತು. ಪಂಕ್ತಿಯಲ್ಲಿ ಬಡಿಸುವವನು ಯಾರಿಗೆ ಏನು ಬೇಕೆಂದು ಕೇಳಿ ನಿಲ್ಲುವುದಿಲ್ಲ. ಆದುದರಿಂದ ಅವನ ನಡಿಗೆಯನ್ನು ಎಷ್ಟು ಅಳೆದರೂ ಉಣ್ಣುವವರ ರುಚಿ ತಿಳಿಯದು. ವೇಗಕ್ಕೆಂದು ಕಂಡುಕೊಂಡ ಉಪಾಯ ಎಂಟು ವರ್ಷಗಳ ಬಳಿಕ ಗೋಪ್ಯತೆಯ ಉಪಾಯವಾಗಿ ಕಂಡಿತು. ಆದರೆ ಎಇಎಸ್‌ನ ಕೋಷ್ಟಕ ದೊಡ್ಡದು. ಕ್ಷೇಮ ಬೇಕಾದರೆ ವೇಗವನ್ನು ಬಿಡಬೇಕಾಗುತ್ತದೆಂಬ ಅಳುಕು ಇದ್ದೇ ಇತ್ತು. ಅದನ್ನು ಹೋಗಲಾಡಿಸಿದವರು ಎಮಿಲಿಯಾ ಕ್ಯಾಸ್ಪರ್ ಮತ್ತು ಪೀಟರ್ ಶ್ವಾಬೆ. ಬೈಟಿನ ವಿಲೋಮವನ್ನು ಕಂಡುಹಿಡಿಯುವ ಬೀಜಗಣಿತದಿಂದ ಎಇಎಸ್‌ನ ಕೋಷ್ಟಕ ಹುಟ್ಟಿದೆ. ಅದನ್ನು ತರ್ಕಕ್ರಿಯೆಗಳಾಗಿ ಬಿಡಿಸಬಹುದು. ಅವರು ಎಂಟು ಖಂಡಗಳನ್ನು, ಅಂದರೆ 128 ಬೈಟುಗಳನ್ನು, 128 ಬಿಟ್‌ಗಳ ಎಂಟು ಪದಗಳಲ್ಲಿ ಪಂಕ್ತಿಗೆ ಕೂರಿಸಿದರು. ಕ್ರಮಸಂಖ್ಯೆಗಳನ್ನೇ ಒಂದರ ಹಿಂದೊಂದು ಗೂಢವಾಗಿಸುವ ವಿಧಾನವನ್ನು ಆರಿಸಿಕೊಂಡದ್ದರಿಂದ ಪಂಕ್ತಿ ತುಂಬಲು ಕಾಯಬೇಕಾಗಲಿಲ್ಲ. 2009ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ಇಂಟೆಲ್ಲಿನ ಕೋರ್ 2 ಯಂತ್ರದಲ್ಲಿ ಒಂದು ಬೈಟಿಗೆ 7.59 ಆವರ್ತಗಳು: ಹಿಂದಿನವುಗಳಿಗಿಂತ ಶೇಕಡಾ 25ರವರೆಗೂ ವೇಗ.

ಮರುವರ್ಷ ಇಂಟೆಲ್ ಎಇಎಸ್‌ನ ಸುತ್ತನ್ನೇ ಒಂದು ಆಜ್ಞೆಯಾಗಿ ತನ್ನ ಚಿಪ್ಪಿನೊಳಗೆ ಸೇರಿಸಿತು. ಆ ಆಜ್ಞೆಯಿಲ್ಲದ ಯಂತ್ರಗಳಿಗೆ ಪಂಕ್ತಿಯ ಪದ್ಧತಿ ಉಳಿಯಿತು. ಬರ್ನ್‌ಸ್ಟೈನ್ ಮಾತ್ರ ಬೇರೆ ದಾರಿ ಹಿಡಿದಿದ್ದರು. 2008ರಲ್ಲಿ ಅವರು ಪ್ರಕಟಿಸಿದ ಚಾಚಾ ಎಂಬ ಲಿಪಿಯಲ್ಲಿ ಕೋಷ್ಟಕವೆಂಬುದೇ ಇಲ್ಲ; ಕೂಡುವುದು, ಬಿಟ್‌ಗಳನ್ನು ಸುತ್ತಿಸುವುದು, ಎಕ್ಸಾರ್ ಮಾಡುವುದು, ಇಷ್ಟನ್ನೇ ಮತ್ತೆ ಮತ್ತೆ, ಸಾಮಾನ್ಯವಾಗಿ ಇಪ್ಪತ್ತು ಸುತ್ತು. ಬೆರಳು ಮಡಿಸಿ ಕೂಡುವ ಹುಡುಗನ ಲಿಪಿ ಅದು. ಯಾವ ಪ್ರಶ್ನೆಗೂ ಅವನು ತೆಗೆದುಕೊಳ್ಳುವ ಹೊತ್ತು ಒಂದೇ.