ಸಾರಿನಪುಡಿಗೆ ಸಾಲ ಕೊಟ್ಟವರು ಯಾರು?

ಮೊನ್ನೆ ಕಡೂರಿಗೆ ಹೋದಾಗ ಚಿಕ್ಕಮ್ಮ ಸಾರಿನಪುಡಿಗೆ ಧನಿಯ ಹುರಿಯುತ್ತಿದ್ದರು. ತರೀಕೆರೆ, ಅಜ್ಜಂಪುರದ ನೆಂಟರ ಮನೆಗಳಿಗೆಲ್ಲ ಅವರದೇ ಪುಡಿ. "ದೊಡ್ಡ ಮಿಷನ್ನಿಗೆ ಸಾಲ ಕೇಳ್ದೆ ಕಣೋ, ಮನೆ ಪತ್ರ ತನ್ನಿ ಅಂದ್ರು. ಮನೆ ಇನ್ನೂ ನಿಮ್ಮ ತಾತನ ಹೆಸರಲ್ಲಿದೆ" ಅಂದರು. ಪುಡಿ ಹೇಗಿದೆ ಅಂತ ಯಾರೂ ಕೇಳಲಿಲ್ಲವಂತೆ!

ಸರಿ, ಹಳೆಯದನ್ನೆಲ್ಲ ಕೆದಕುತ್ತಾ ಕೂತೆ. 1959ರಲ್ಲಿ ಮುಂಬೈನ ಏಳು ಹೆಂಗಸರು ಲಿಜ್ಜತ್ ಹಪ್ಪಳ ಶುರು ಮಾಡಿದ್ದು 80 ರೂಪಾಯಿ ಕೈಸಾಲದಿಂದ. ನಮ್ಮ ಕಡೆ ಬಂಡವಾಳ ಅಂದರೆ ಬಳೆ ಅಡವು, ಇಲ್ಲವೇ ಚೀಟಿ. 1992ರಲ್ಲಿ ನಬಾರ್ಡ್ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಅಡವಿನ ಬದಲು ಗುಂಪಿನ ಉಳಿತಾಯ, ಒಬ್ಬರಿಗೊಬ್ಬರ ನಂಬಿಕೆ. 2000-01ರಲ್ಲಿ ನಮ್ಮ ರಾಜ್ಯಕ್ಕೆ ಸ್ತ್ರೀಶಕ್ತಿ ಯೋಜನೆ ಬಂತು.

2020ರಲ್ಲಿ ಕೇಂದ್ರದ ಪಿಎಂಎಫ್‌ಎಂಇ ಯೋಜನೆ. ಅದರಲ್ಲಿ ಚಿಕ್ಕಮಗಳೂರು ಜಿಲ್ಲೆಗೆ ಆರಿಸಿದ್ದು ಸಾಂಬಾರ ಪದಾರ್ಥ! ಘಟಕದ ವೆಚ್ಚದ ಶೇ. 35ರಷ್ಟು ಸಹಾಯಧನ, 10 ಲಕ್ಷದವರೆಗೆ. ರಾಜ್ಯ ಸರ್ಕಾರ ಶೇ. 15 ಸೇರಿಸಿತು. ಗುಂಪಿನ ಸದಸ್ಯೆಗೆ 40,000 ರೂ.ವರೆಗೆ ಆರಂಭಿಕ ಬಂಡವಾಳ.

ಆದರೆ ಈ ಸಹಾಯಧನ ಸಾಲದ ಬೆನ್ನಿಗೇ ಬರುವಂಥದ್ದು. ಮೊದಲು ಬ್ಯಾಂಕು ಹೂಂ ಅನ್ನಬೇಕು. ಬ್ಯಾಂಕಿಗೆ ಲೆಕ್ಕ ಬೇಕು. ಚಿಕ್ಕಮ್ಮನ ಇಪ್ಪತ್ತು ವರ್ಷದ ಲೆಕ್ಕ ಇರುವುದು ತಲೆಯಲ್ಲಿ...

ಅವತ್ತು ರಾತ್ರಿ ಲ್ಯಾಪ್‌ಟಾಪ್ ತೆರೆದು ಕೂತೆ. ಮೆಣಸಿನಕಾಯಿ, ಧನಿಯ, ಜೀರಿಗೆ, ಗ್ಯಾಸು, ಎಲ್ಲ ಬರೆಸಿದರು.

"ನಿನ್ನ ಕೂಲಿ ಎಷ್ಟು ಹಾಕಲಿ ಚಿಕ್ಕಮ್ಮ?"

"ಅದನ್ನೂ ಹಾಕ್ತಾರೇನೋ?" ಅಂದರು.